ಮೀನುಗಾರಿಕೆಗೆ ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಉಪಕರಣದ ಆಯ್ಕೆ

(ಸಮುದ್ರ ಮೀನುಗಾರರು ಹಾಗೂ ಮೀನುಗಾರರ ಸಹಕಾರ ಸಂಘಗಳ ಮಾಹಿತಿಗಾಗಿ)

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮೀನುಗಾರರು ತಲೆಮಾರುಗಳಿಂದ ದಡದ ಗುರುತುಗಳನ್ನು ನೋಡಿಯೇ ಸಮುದ್ರದಲ್ಲಿ ತಾವಿರುವ ಸ್ಥಳವನ್ನು ನಿರ್ಧರಿಸುತ್ತಿದ್ದರು. ಕಾಪು ದೀಪಸ್ತಂಭ, ಕುದುರೆಮುಖದ ಶಿಖರ, ದೇವಾಲಯದ ಗೋಪುರ, ತೆಂಗಿನ ತೋಪು ಮುಂತಾದವುಗಳಲ್ಲಿ ಒಂದು ಜೊತೆ ಗುರುತು ಒಂದು ಸಾಲಿಗೂ ಮತ್ತೊಂದು ಜೊತೆ ಗುರುತು ಇನ್ನೊಂದು ಸಾಲಿಗೂ ಬಂದಾಗ ದೋಣಿಯು ಯಾವ ಕಲ್ಲಿನ ಮೇಲಿದೆ, ಅಲ್ಲಿ ಎಷ್ಟು ಮಾರು ನೀರಿದೆ ಎಂಬುದನ್ನು ಅನುಭವಿ ತಾಂಡೇಲರು ಹೇಳಬಲ್ಲವರಾಗಿದ್ದರು. ಈ ಜ್ಞಾನವು ಇಂದಿಗೂ ಬೆಲೆಯುಳ್ಳದ್ದೇ ಆಗಿದೆ. ಆದರೆ ಮಳೆಮೋಡ ಕವಿದಾಗ, ರಾತ್ರಿಯ ವೇಳೆ ಮತ್ತು ದಡ ಕಣ್ಮರೆಯಾಗುವಷ್ಟು ದೂರ ಹೋದಾಗ ಇದು ಉಪಯೋಗಕ್ಕೆ ಬರುವುದಿಲ್ಲ. ಈ ಕೊರತೆಯನ್ನು ಜಿ.ಪಿ.ಎಸ್. ಉಪಕರಣವು ತುಂಬಿಕೊಡುತ್ತದೆ.

ದೊಡ್ಡ ಟ್ರಾಲ್ ಮತ್ತು ಪರ್ಸಿನ್ ದೋಣಿಗಳಲ್ಲಿ ಚುಕ್ಕಾಣಿ ಕೋಣೆಯಲ್ಲಿಯೇ ಅಳವಡಿಸಿದ ದೊಡ್ಡ ಪರದೆಯ ಜಿ.ಪಿ.ಎಸ್. ಇರುವುದು ಸಾಮಾನ್ಯ. ಕೈಯಲ್ಲಿ ಹಿಡಿಯುವ ಉಪಕರಣವು ಮುಖ್ಯವಾಗಿ ಹೊರ ಇಂಜಿನ್ ಅಳವಡಿಸಿದ ನಾಡದೋಣಿ ಹಾಗೂ ಗಿಲ್‌ನೆಟ್ ದೋಣಿಗಳಿಗೆ ಸೂಕ್ತವಾಗಿರುತ್ತದೆ. ದೊಡ್ಡ ದೋಣಿಯ ಬ್ಯಾಟರಿಯು ಕೆಟ್ಟಾಗ ಬದಲಿ ಉಪಕರಣವಾಗಿಯೂ ಇದನ್ನು ಇಟ್ಟುಕೊಳ್ಳಬಹುದು.

ಉಪಕರಣದಿಂದ ಆಗುವುದು ಮತ್ತು ಆಗದಿರುವುದು

ಜಿ.ಪಿ.ಎಸ್. ಎಂಬುದು ಅಮೆರಿಕ ಸರ್ಕಾರದ ಉಪಗ್ರಹ ವ್ಯವಸ್ಥೆಯಾಗಿದೆ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳನ್ನು ಉಪಕರಣವು ಸ್ವೀಕರಿಸಿ, ಕನಿಷ್ಠ 4 ಉಪಗ್ರಹಗಳ ನೆರವಿನಿಂದ ಸ್ಥಳವನ್ನು ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳ ಆರಂಭದವರೆಗೆ ಸಾರ್ವಜನಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಸೇರಿಸಲಾಗುತ್ತಿದ್ದುದರಿಂದ ಸುಮಾರು 100 ಮೀಟರ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಅದನ್ನು ಕೈಬಿಟ್ಟ ನಂತರ, ತೆರೆದ ಆಕಾಶದ ಕೆಳಗೆ ಒಳ್ಳೆಯ ಉಪಕರಣವು ಕೆಲವೇ ಮೀಟರುಗಳ ಅಂತರದಲ್ಲಿ ಸ್ಥಳವನ್ನು ತೋರಿಸುತ್ತದೆ. ಸ್ವೀಕರಿಸುವ ಕೆಲಸಕ್ಕೆ ಯಾವುದೇ ಶುಲ್ಕವಿಲ್ಲ, ಮೊಬೈಲ್ ನೆಟ್‌ವರ್ಕ್ ಸಹ ಬೇಕಾಗಿಲ್ಲ.

ಉಪಕರಣವು ಸ್ವೀಕರಿಸುತ್ತದೆಯೇ ಹೊರತು ಏನನ್ನೂ ಕಳುಹಿಸುವುದಿಲ್ಲ ಎಂಬುದನ್ನು ಮೀನುಗಾರರ ಕುಟುಂಬದವರೂ ತಿಳಿದಿರಬೇಕು. ದೋಣಿಯಲ್ಲಿ ಜಿ.ಪಿ.ಎಸ್. ಇದ್ದ ಮಾತ್ರಕ್ಕೆ ದಡದಲ್ಲಿರುವವರಿಗೆ ದೋಣಿ ಎಲ್ಲಿದೆ ಎಂದು ತಿಳಿಯುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ದೋಣಿಯೊಂದು 7 ಮಂದಿ ಮೀನುಗಾರರೊಂದಿಗೆ ಕಾಣೆಯಾಗಿ, ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣ ಸಮೀಪದ ಸಮುದ್ರದಲ್ಲಿ ಪತ್ತೆಯಾದುದು 2019ರ ಮೇ ತಿಂಗಳಲ್ಲಿ. ಅಪಾಯದ ಸಂಕೇತ ಕಳುಹಿಸುವ ಉಪಕರಣ, ವಿ.ಎಚ್.ಎಫ್. ರೇಡಿಯೋ ಮತ್ತು ಟ್ರಾನ್ಸ್‌ಪಾಂಡರ್ ಇವು ಬೇರೆಯೇ ಸಾಧನಗಳಾಗಿದ್ದು, ಜಿ.ಪಿ.ಎಸ್. ಇವುಗಳಿಗೆ ಬದಲಿಯಾಗಲಾರದು.

ಹಾಗೆಯೇ ಇದು ಮೀನಿನ ಗುಂಪನ್ನಾಗಲಿ ನೀರಿನ ಆಳವನ್ನಾಗಲಿ ಅಳೆದು ತೋರಿಸುವುದಿಲ್ಲ. ಆ ಕೆಲಸವು ಎಕೋ ಸೌಂಡರಿನದು. ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದು ಮಾರುವ ರೂಢಿ ಇರುವುದರಿಂದ ಸ್ಪಷ್ಟವಾಗಿ ಕೇಳಿ ತಿಳಿಯುವುದು ಅಗತ್ಯ.

ಅಕ್ಷಾಂಶ, ರೇಖಾಂಶ ಬರೆಯುವ ಮೂರು ಕ್ರಮಗಳು

ಖರೀದಿಗೆ ಮುನ್ನ ತಿಳಿಯಬೇಕಾದ ವಿಷಯಗಳಲ್ಲಿ ಇದು ಬಹು ಮುಖ್ಯವಾದುದು. ಒಂದೇ ಸ್ಥಳವನ್ನು ಡಿಗ್ರಿ-ಮಿನಿಟು-ಸೆಕೆಂಡ್, ಡಿಗ್ರಿ-ಮಿನಿಟು-ದಶಾಂಶ ಮತ್ತು ಡಿಗ್ರಿ-ದಶಾಂಶ ಎಂಬ ಮೂರು ಕ್ರಮಗಳಲ್ಲಿ ಬರೆಯಬಹುದಾಗಿದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಸಂಭಾವ್ಯ ಮೀನುಗಾರಿಕಾ ವಲಯದ ಪಟ್ಟಿಯಲ್ಲಿ ಸ್ಥಳಗಳನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಕೊಡಲಾಗುತ್ತದೆ. ಬಹುಪಾಲು ಕೈ ಉಪಕರಣಗಳಾದರೋ ಹೊಸದಾಗಿ ತೆರೆದಾಗ ಡಿಗ್ರಿ-ಮಿನಿಟು-ದಶಾಂಶ ಕ್ರಮದಲ್ಲಿ ಇರುತ್ತವೆ. ಕ್ರಮವನ್ನು ಗಮನಿಸದೆ ಅಂಕಿಗಳನ್ನು ತುಂಬಿದರೆ ದೋಣಿಯು ಬೇರೆಯೇ ಸ್ಥಳಕ್ಕೆ ಹೋಗುತ್ತದೆ.

ಉದಾಹರಣೆಗೆ, ಮಲ್ಪೆಯ ನೇರ ಪಶ್ಚಿಮಕ್ಕಿರುವ ಒಂದು ಸ್ಥಳದ ಅಕ್ಷಾಂಶ 13 ಡಿಗ್ರಿ 20 ಮಿನಿಟು 45 ಸೆಕೆಂಡ್ ಎಂದಿಟ್ಟುಕೊಳ್ಳಬಹುದು. 60 ಸೆಕೆಂಡಿಗೆ 1 ಮಿನಿಟು ಆದುದರಿಂದ 45 ಸೆಕೆಂಡ್ ಎಂದರೆ 0.75 ಮಿನಿಟು. ಉಪಕರಣದಲ್ಲಿ 13 ಡಿಗ್ರಿ 20.75 ಮಿನಿಟು ಎಂದು ತುಂಬತಕ್ಕದ್ದು. ಇದರ ಬದಲು 20.45 ಎಂದು ತುಂಬಿದರೆ 0.30 ಮಿನಿಟಿನಷ್ಟು ತಪ್ಪಾಗುತ್ತದೆ. ಅಕ್ಷಾಂಶದ 1 ಮಿನಿಟು 1 ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ ಸಮನಾದುದರಿಂದ ಈ ತಪ್ಪು ಸುಮಾರು 556 ಮೀಟರಿನಷ್ಟಾಗುತ್ತದೆ. ಬಲೆ ಹರಿಯುವ ಕಲ್ಲಿನಿಂದ ತಪ್ಪಿಸಿಕೊಳ್ಳಬೇಕಾದವರಿಗೆ ಇದು ಸಣ್ಣ ಅಂತರವಲ್ಲ.

ಉಪಕರಣವು ಡಿಗ್ರಿ-ದಶಾಂಶ ಕ್ರಮದಲ್ಲಿದ್ದು 13.2045 ಎಂದು ತುಂಬಿದಲ್ಲಿ ತಪ್ಪು ಇನ್ನೂ ಹೆಚ್ಚು. ಸರಿಯಾದ ಅಂಕಿ 13.3458 ಆಗಿರುತ್ತದೆ. ವ್ಯತ್ಯಾಸವು ಸುಮಾರು 8.5 ನಾಟಿಕಲ್ ಮೈಲಿ. ದೋಣಿಯು ಮಲ್ಪೆಯ ನೇರಕ್ಕೆ ಹೋಗುವ ಬದಲು ಕಾಪುವಿನ ನೇರಕ್ಕೆ ಹೋಗಿ ನಿಲ್ಲುತ್ತದೆ. ಗಂಟೆಗೆ 6 ನಾಟಿಕಲ್ ಮೈಲಿ ವೇಗದ ದೋಣಿಗೆ ಇದು ಸುಮಾರು 1 ಗಂಟೆ 25 ಮಿನಿಟಿನ ವ್ಯರ್ಥ ಪ್ರಯಾಣವಾಗಿದ್ದು, ಇದಕ್ಕೆ ತಗಲುವ ಇಂಧನವನ್ನು ಪ್ರತಿಯೊಬ್ಬ ದೋಣಿ ಮಾಲೀಕರು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಆದುದರಿಂದ ಮೂರೂ ಕ್ರಮಗಳಿಗೆ ಬದಲಾಯಿಸಲು ಬರುವ ಉಪಕರಣವನ್ನೇ ಆರಿಸಿ, ಬದಲಾಯಿಸುವ ವಿಧಾನವನ್ನು ಅಂಗಡಿಯಲ್ಲಿಯೇ ಮಾಡಿ ತೋರಿಸುವಂತೆ ಕೇಳುವುದು ಸೂಕ್ತ.

ತುಂಬಿದ ಅಂಕಿಯನ್ನು ಪರೀಕ್ಷಿಸಲು ಸುಲಭ ಉಪಾಯವೂ ಉಂಟು. ರಾಜ್ಯದ ಕರಾವಳಿಯುದ್ದಕ್ಕೂ ಅಕ್ಷಾಂಶದ ಡಿಗ್ರಿಯು 12, 13 ಅಥವಾ 14 ಮಾತ್ರ ಆಗಿರುತ್ತದೆ. ರೇಖಾಂಶವು ದಡದಲ್ಲಿ 74 ಡಿಗ್ರಿ ಆಗಿದ್ದು, ಹೊರಕ್ಕೆ ಹೋದಂತೆ 73 ಹಾಗೂ ಅದಕ್ಕಿಂತ ಕಡಿಮೆಯಾಗುತ್ತದೆ. ರೇಖಾಂಶ 75 ಎಂದು ಕಂಡುಬಂದರೆ ಅದು ನೆಲದ ಮೇಲಿನ ಸ್ಥಳವಾಗಿರುತ್ತದೆ. ಅಕ್ಷಾಂಶ 15 ಎಂದರೆ ಗೋವಾದ ನೇರ. ಇದಲ್ಲದೆ ಉಪಕರಣದ ಸೆಟ್ಟಿಂಗಿನಲ್ಲಿ ನಕ್ಷೆಯ ಆಧಾರವು ಡಬ್ಲ್ಯು.ಜಿ.ಎಸ್. 84 ಎಂದೇ ಇರತಕ್ಕದ್ದು. ಹಳೆಯ ಭಾರತೀಯ ಆಧಾರವನ್ನು ಆಯ್ದುಕೊಂಡಿದ್ದಲ್ಲಿ ನೂರು ಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ.

ಕೊಳ್ಳುವಾಗ ನೋಡಬೇಕಾದ ಅಂಶಗಳು

ನೀರು ತಡೆಯುವ ಗುಣಮಟ್ಟವನ್ನು ಐ.ಪಿ.ಎಕ್ಸ್. 7 ಎಂದು ನಮೂದಿಸಿದ್ದರೆ, 1 ಮೀಟರ್ ನೀರಿನಲ್ಲಿ 30 ಮಿನಿಟು ಮುಳುಗಿದರೂ ಒಳಗೆ ನೀರು ಹೋಗುವುದಿಲ್ಲವೆಂದು ಅರ್ಥ. ಇದಕ್ಕಿಂತ ಕೆಳಗಿನ ಗುಣಮಟ್ಟದ್ದನ್ನು ದೋಣಿಗೆ ಕೊಳ್ಳಬಾರದು. ಆದರೆ ನೀರು ತಡೆಯುವುದು ಬೇರೆ, ನೀರಿನ ಮೇಲೆ ತೇಲುವುದು ಬೇರೆ. ಕೈಜಾರಿ ಬಿದ್ದ ಉಪಕರಣವು 20 ಮಾರು ಆಳಕ್ಕೆ ಹೋದ ಮೇಲೆ ಅದರೊಳಗೆ ನೀರು ಹೋಯಿತೇ ಇಲ್ಲವೇ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಸಮುದ್ರ ಬಳಕೆಗೆಂದೇ ತಯಾರಾದ ಕೆಲವು ಮಾದರಿಗಳು ತೇಲುತ್ತವೆ. ತೇಲದ ಮಾದರಿಯಾದಲ್ಲಿ ದಾರದಿಂದ ದೋಣಿಗೆ ಕಟ್ಟಿಕೊಳ್ಳುವುದು ಅಥವಾ ತೇಲುವ ಚೀಲದಲ್ಲಿ ಇಡುವುದು ಅವಶ್ಯ. ಬ್ಯಾಟರಿ ಮುಚ್ಚಳದ ರಬ್ಬರ್ ಅಂಚಿನಲ್ಲಿ ಉಪ್ಪು ಮತ್ತು ಮೀನಿನ ಪರೆ ಸೇರಿದರೆ ಯಾವ ಗುಣಮಟ್ಟವೂ ನಿಲ್ಲುವುದಿಲ್ಲವಾದ್ದರಿಂದ ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ಒರೆಸಿಡಬೇಕು.

ಪರದೆಯನ್ನು ಅಂಗಡಿಯೊಳಗಿನ ದೀಪದಲ್ಲಿ ನೋಡಿ ತೀರ್ಮಾನಿಸದೆ, ಹೊರಗೆ ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದು ನೋಡಬೇಕು. ಬೆರಳಿನಿಂದ ಮುಟ್ಟಿ ನಡೆಸುವ ಪರದೆಗಿಂತ ಗುಂಡಿಗಳಿರುವ ಉಪಕರಣವೇ ಮೀನುಗಾರಿಕೆಗೆ ಮೇಲು. ಬಲೆ ಎಳೆದ ಒದ್ದೆ ಕೈಗೆ ಮುಟ್ಟುವ ಪರದೆಯು ಸರಿಯಾಗಿ ಸ್ಪಂದಿಸುವುದಿಲ್ಲ. ನೀರ ಹನಿಯೇ ಬೆರಳಿನಂತೆ ವರ್ತಿಸುವುದೂ ಉಂಟು. ಮೊಬೈಲ್ ಫೋನಿನ ಬಗ್ಗೆಯೂ ಇದೇ ಮಾತನ್ನು ಹೇಳಬಹುದು. ಫೋನಿನ ಜಿ.ಪಿ.ಎಸ್. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆಯಾದರೂ ನಕ್ಷೆಯನ್ನು ಮೊದಲೇ ತುಂಬಿಕೊಂಡಿರಬೇಕು, ಮತ್ತು ಕರೆ ಮಾಡಲು ಬೇಕಾದ ಬ್ಯಾಟರಿಯನ್ನೇ ಅದು ಬಳಸಿಬಿಡುತ್ತದೆ.

ಅಂಗಡಿಯಲ್ಲಿ ದೊರೆಯುವ ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಉಪಕರಣವು ಒಂದಕ್ಕಿಂತ ಹೆಚ್ಚು ದಿನ ಹೊರಗಿರುವ ದೋಣಿಗೆ ಅನುಕೂಲ. ಮರುಚಾರ್ಜ್ ಸೆಲ್ಲುಗಳನ್ನು ಹಾಕಿದಾಗ ಸೆಟ್ಟಿಂಗಿನಲ್ಲಿ ಸೆಲ್ಲಿನ ಬಗೆಯನ್ನು ಬದಲಾಯಿಸದಿದ್ದರೆ ಉಳಿದ ಶಕ್ತಿಯ ಸೂಚಕವು ತಪ್ಪು ತೋರಿಸುತ್ತದೆ. ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಜೂನ್ 1 ರಿಂದ ಜುಲೈ 31 ರವರೆಗೆ ಸೆಲ್ಲುಗಳನ್ನು ಹೊರತೆಗೆದಿಡತಕ್ಕದ್ದು. ಸೋರಿದ ಸೆಲ್ಲಿನಿಂದ ಕೆಡುವ ಉಪಕರಣಗಳಿಗೆ ಗ್ಯಾರಂಟಿ ದೊರೆಯುವುದು ಕಷ್ಟ.

ದಿಕ್ಕು ತೋರಿಸುವ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಡಿಮೆ ಬೆಲೆಯ ಮಾದರಿಗಳು ದೋಣಿ ಚಲಿಸುತ್ತಿರುವಾಗ ಮಾತ್ರ ದಿಕ್ಕನ್ನು ಲೆಕ್ಕ ಹಾಕುತ್ತವೆ. ಇಂಜಿನ್ ನಿಂತು ದೋಣಿ ತೇಲುತ್ತಿರುವಾಗ ಅವುಗಳ ಬಾಣವು ಅರ್ಥವಿಲ್ಲದೆ ತಿರುಗುತ್ತದೆ. ವಿದ್ಯುನ್ಮಾನ ದಿಕ್ಸೂಚಿ ಇರುವ ಮಾದರಿಗಳಲ್ಲಿ ಈ ತೊಂದರೆ ಇಲ್ಲ, ಆದರೆ ಸೆಲ್ ಬದಲಾಯಿಸಿದ ನಂತರ ಅದನ್ನು ಸರಿಹೊಂದಿಸಿಕೊಳ್ಳಬೇಕು. ಯಾವ ಮಾದರಿ ಇದ್ದರೂ ದೋಣಿಯಲ್ಲಿ ಸಾದಾ ದಿಕ್ಸೂಚಿಯನ್ನು ಬಿಡಬಾರದು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಜಂಟಿಯಾಗಿ ರೂಪಿಸಿದ ಗಗನ್ ವ್ಯವಸ್ಥೆಯ ತಿದ್ದುಪಡಿ ಸಂಕೇತಗಳನ್ನು ಸ್ವೀಕರಿಸುವ ಮಾದರಿಗಳಲ್ಲಿ ನಿಖರತೆ ಹೆಚ್ಚುತ್ತದೆ. ಹಲವು ಉಪಕರಣಗಳ ಮೆನುವಿನಲ್ಲಿ ಇದು ಡಬ್ಲ್ಯು.ಎ.ಎ.ಎಸ್. ಎಂಬ ಅಮೆರಿಕದ ಹೆಸರಿನಲ್ಲಿಯೇ ಇರುತ್ತದೆ. ಚಾರಣಿಗರಿಗಾಗಿ ತಯಾರಿಸಿದ ಮಾದರಿಗಳಲ್ಲಿ ಬರುವ ಕ್ಯಾಮೆರಾ, ಎತ್ತರ ಅಳೆಯುವ ಮಾಪಕ ಇತ್ಯಾದಿಗಳಿಗೆ ಹಣ ತೆರುವುದು ಅನವಶ್ಯಕ.

ಬೆಲೆ, ಬಿಲ್ಲು ಮತ್ತು ಹಳೆಯ ಉಪಕರಣ

ಇಲಾಖೆಯು ಯಾವುದೇ ಕಂಪನಿಯ ಉಪಕರಣವನ್ನು ಶಿಫಾರಸು ಮಾಡುವುದಿಲ್ಲ. ಬೆಲೆಯನ್ನು ಹೋಲಿಸುವಾಗ ಉಪಕರಣದ ಬೆಲೆಯೊಂದನ್ನೇ ನೋಡದೆ ಸೆಲ್ಲು, ಚಾರ್ಜರ್, ನಕ್ಷೆ ಮತ್ತು ಚೀಲದ ಬೆಲೆಯನ್ನೂ ಸೇರಿಸಿ ನೋಡತಕ್ಕದ್ದು. ಬಿಲ್ಲಿನಲ್ಲಿ ಉಪಕರಣದ ಕ್ರಮಸಂಖ್ಯೆ ನಮೂದಾಗಿರಬೇಕು ಮತ್ತು ಅದು ಉಪಕರಣದ ಹಿಂಬದಿಯ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಬಿಲ್ಲಿಲ್ಲದೆ ವಿದೇಶದಿಂದ ತಂದುಕೊಡುವ ಉಪಕರಣವು ಅಗ್ಗವಾಗಿ ಕಂಡರೂ ದುರಸ್ತಿಯ ಹೊಣೆಯನ್ನು ಇಲ್ಲಿ ಯಾರೂ ವಹಿಸಿಕೊಳ್ಳುವುದಿಲ್ಲ. ಸಹಾಯಧನದ ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಖರೀದಿಗೆ ಮುನ್ನವೇ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಹಳೆಯ ಉಪಕರಣ ಕೊಳ್ಳುವವರು ಅದು ತೋರಿಸುವ ದಿನಾಂಕವನ್ನು ಮೊದಲು ನೋಡಬೇಕು. ಜಿ.ಪಿ.ಎಸ್. ವ್ಯವಸ್ಥೆಯ ವಾರಗಳ ಎಣಿಕೆಯು 1,024 ವಾರಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹೀಗಾದಾಗ ಕೆಲವು ಹಳೆಯ ಉಪಕರಣಗಳ ದಿನಾಂಕವು ಸುಮಾರು 20 ವರ್ಷ ಹಿಂದಕ್ಕೆ ಹೋಯಿತು. ಅಂತಹವು ಸ್ಥಳವನ್ನು ಸರಿಯಾಗಿ ತೋರಿಸಬಹುದಾದರೂ ಅವುಗಳಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯವಿರುವ ಕೈ ಉಪಕರಣಗಳು ಬೇರೆ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೊಲ್ಲಿ ದೇಶಗಳಿಂದ ಬರುವ ಬಂಧುಗಳು ಸದುದ್ದೇಶದಿಂದ ತಂದುಕೊಟ್ಟರೂ ಕಾನೂನಿನ ತೊಂದರೆ ತಪ್ಪುವುದಿಲ್ಲ.

ಅಳಿವೆಯ ಗುರುತು

ಉಪಕರಣ ಕೊಂಡ ಬಳಿಕ ಮೊದಲು ಉಳಿಸಿಡಬೇಕಾದ ಸ್ಥಳವು ಮೀನು ಸಿಗುವ ಜಾಗವಲ್ಲ, ಮರಳಿ ಬರುವ ದಾರಿ. ಬಂದರಿನ ದಕ್ಕೆಯನ್ನು ಮಾತ್ರ ಗುರುತು ಮಾಡಿಕೊಂಡರೆ ಸಾಲದು. ಉಪಕರಣವು ಇರುವ ಸ್ಥಳದಿಂದ ದಕ್ಕೆಗೆ ನೇರ ಗೆರೆ ಎಳೆಯುತ್ತದೆಯೇ ಹೊರತು ನಡುವೆ ಕಲ್ಲು, ದ್ವೀಪ, ಮರಳುದಿಣ್ಣೆ ಇದೆಯೇ ಎಂದು ವಿಚಾರ ಮಾಡುವುದಿಲ್ಲ. ವಾಯವ್ಯ ದಿಕ್ಕಿನಿಂದ ಮಲ್ಪೆಗೆ ಮರಳುವ ದೋಣಿಗೆ ಆ ಗೆರೆಯು ಸೇಂಟ್ ಮೇರಿಸ್ ದ್ವೀಪಗಳ ಮತ್ತು ಸುತ್ತಲಿನ ಬಂಡೆಗಳ ಮೇಲೆಯೇ ಹಾದುಹೋಗಬಹುದು. ಆದುದರಿಂದ ಅಳಿವೆಯ ಹೊರಗೆ ಆಳ ನೀರಿನಲ್ಲಿ ಒಂದು, ಅಳಿವೆಯ ಬಾಯಿಯಲ್ಲಿ ಒಂದು ಎಂದು ಕನಿಷ್ಠ ಎರಡು ಸ್ಥಳಗಳನ್ನು ಹಗಲು ವೇಳೆಯಲ್ಲಿ, ಸಮುದ್ರ ಶಾಂತವಿರುವಾಗ ಉಳಿಸಿಕೊಂಡು, ಅದೇ ಕ್ರಮದಲ್ಲಿ ಒಳಬರತಕ್ಕದ್ದು.

ನದಿಮುಖದ ಮರಳುದಿಣ್ಣೆಗಳು ಪ್ರತಿ ಮಳೆಗಾಲದಲ್ಲಿ ಸ್ಥಳ ಬದಲಾಯಿಸುತ್ತವೆ. ಕಳೆದ ವರ್ಷ ಸುರಕ್ಷಿತವಾಗಿದ್ದ ದಾರಿಯು ಉಪಕರಣದಲ್ಲಿ ಹಾಗೆಯೇ ಉಳಿದಿರುತ್ತದೆ, ನೀರಿನಲ್ಲಿ ಉಳಿದಿರುವುದಿಲ್ಲ. ಮಳೆಗಾಲದ ನಂತರ ಮೊದಲ ಬಾರಿ ಹೊರಡುವಾಗಲೇ ಹಳೆಯ ಗುರುತುಗಳನ್ನು ಅಳಿಸಿ ಹೊಸದನ್ನು ದಾಖಲಿಸಬೇಕು. ಮುಖ್ಯ ಸ್ಥಳಗಳನ್ನು ಒಂದು ಪುಸ್ತಕದಲ್ಲಿ, ಯಾವ ಕ್ರಮದ ಅಂಕಿಗಳೆಂಬುದನ್ನೂ ಸೇರಿಸಿ ಬರೆದಿಟ್ಟರೆ ಉಪಕರಣ ಕಳೆದರೂ ಮಾಹಿತಿ ಉಳಿಯುತ್ತದೆ.

ಯಾರಾದರೂ ನೀರಿಗೆ ಬಿದ್ದಲ್ಲಿ ಆ ಕ್ಷಣದ ಸ್ಥಳವನ್ನು ಒಂದೇ ಒತ್ತಿನಿಂದ ಉಳಿಸುವ ಎಂ.ಒ.ಬಿ. ಗುಂಡಿಯು ಬಹುಪಾಲು ಸಮುದ್ರ ಬಳಕೆಯ ಮಾದರಿಗಳಲ್ಲಿದೆ. ಅದು ಎಲ್ಲಿದೆ ಎಂಬುದು ತಾಂಡೇಲರಿಗೆ ಮಾತ್ರವಲ್ಲದೆ ದೋಣಿಯ ಎಲ್ಲರಿಗೂ ತಿಳಿದಿರಬೇಕು. ಬೀಳುವವರು ತಾಂಡೇಲರೇ ಆಗಿರಬಹುದು.

ತುರ್ತು ಸಂದರ್ಭದಲ್ಲಿ ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲಿನಲ್ಲಿ ಅಥವಾ ಫೋನ್ ಸಂಪರ್ಕವಿದ್ದಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆಮಾಡಿ, ಮೊದಲು ಅಕ್ಷಾಂಶವನ್ನು, ನಂತರ ರೇಖಾಂಶವನ್ನು, ಡಿಗ್ರಿ ಎಷ್ಟು, ಮಿನಿಟು ಎಷ್ಟು, ದಶಾಂಶವೋ ಸೆಕೆಂಡೋ ಎಂಬುದನ್ನು ಬಿಡಿಸಿ ಎರಡು ಬಾರಿ ಹೇಳತಕ್ಕದ್ದು.