ಕೋವಿಡ್ ಬಂದ ವಯಸ್ಕರಿಗೆ ಸುರಕ್ಷಿತ ನೋವುನಿವಾರಕ ಯಾವುದು?

ಕೋವಿಡ್ ಸೋಂಕು ಇಂದು ಬಹುಪಾಲು ವಯಸ್ಕರಲ್ಲಿ ಮನೆಯಲ್ಲಿದ್ದೇ ಗುಣವಾಗುವ ಕಾಯಿಲೆ. ಹಾಗೆಂದು ಮೊದಲ ಮೂರು ನಾಲ್ಕು ದಿನಗಳ ಜ್ವರ, ತಲೆನೋವು, ಗಂಟಲುನೋವು, ಮೈಕೈ ನೋವು ಅಲ್ಪ ಸಂಕಟವೇನಲ್ಲ. ಆ ಸಂಕಟಕ್ಕೆ ನುಂಗುವ ಮಾತ್ರೆ ವೈರಾಣುವನ್ನು ಕೊಲ್ಲದು. ಕಾಯಿಲೆಯ ಅವಧಿಯನ್ನೂ ಕುಗ್ಗಿಸದು. ರೋಗಿಯು ನೀರು ಕುಡಿಯುವಷ್ಟು, ನಾಲ್ಕು ತುತ್ತು ಗಂಜಿ ಉಣ್ಣುವಷ್ಟು, ರಾತ್ರಿ ಕಣ್ಣು ಮುಚ್ಚುವಷ್ಟು ನೆಮ್ಮದಿಯನ್ನು ಅದು ಕೊಡುತ್ತದೆ. ಇಷ್ಟು ಮಿತವಾದ ಉಪಕಾರಕ್ಕಾಗಿ ಯಕೃತ್ತನ್ನೋ ಮೂತ್ರಪಿಂಡವನ್ನೋ ಪಣಕ್ಕಿಡುವುದು ಸಲ್ಲದು. ವಿದೇಶದಲ್ಲಿರುವ ನಮ್ಮ ಮನೆಗಳಲ್ಲಿ ಎರಡು ದೇಶಗಳ ಮಾತ್ರೆಗಳು ಒಂದೇ ಡಬ್ಬಿಯಲ್ಲಿರುವುದರಿಂದ ಈ ಅಪಾಯ ಸ್ವಲ್ಪ ಹೆಚ್ಚೇ ಇದೆ.

ಮೊದಲು ಒಂದು ಹಳೆಯ ಭಯವನ್ನು ನಿವಾರಿಸಿಕೊಳ್ಳಬೇಕು. 2020ರ ಮಾರ್ಚ್ ತಿಂಗಳಲ್ಲಿ ಐಬುಪ್ರೊಫೆನ್ ಕೋವಿಡನ್ನು ಉಲ್ಬಣಗೊಳಿಸಬಹುದೆಂಬ ಊಹೆಯೊಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಆಗಿನ ಆರೋಗ್ಯ ಸಚಿವ ಒಲಿವಿಯೆ ವೆರಾನ್ ಅದನ್ನು ಬಳಸದಿರುವಂತೆ ಸಾರ್ವಜನಿಕವಾಗಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲು ಅದೇ ದನಿಯಲ್ಲಿ ಮಾತನಾಡಿ, ಒಂದೆರಡು ದಿನಗಳಲ್ಲೇ ಮಾತನ್ನು ತಿದ್ದಿಕೊಂಡಿತು. ಮುಂದೆ ಬ್ರಿಟನ್ನಿನ ಆಸ್ಪತ್ರೆಗಳಿಗೆ ದಾಖಲಾದ ಸುಮಾರು 72 ಸಾವಿರ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಹೊರಬಂದಿತು. ದಾಖಲಾಗುವ ಮುನ್ನ ಐಬುಪ್ರೊಫೆನ್ ವರ್ಗದ ಔಷಧ ಸೇವಿಸಿದವರಲ್ಲಿ ಸಾವಾಗಲಿ, ತೀವ್ರನಿಗಾ ಘಟಕದ ಅಗತ್ಯವಾಗಲಿ ಉಳಿದವರಿಗಿಂತ ಹೆಚ್ಚಾಗಿರಲಿಲ್ಲ. ಆದರೂ ‘ಕೋವಿಡ್‌ಗೆ ಬ್ರೂಫೆನ್ ವಿಷ’ ಎಂಬ ಮಾತು ನಮ್ಮ ವಾಟ್ಸಾಪ್ ಬಳಗಗಳಲ್ಲಿ ಇನ್ನೂ ಸುತ್ತುತ್ತಲೇ ಇದೆ. ಸುದ್ದಿ ಓಡಿದಷ್ಟು ವೇಗವಾಗಿ ತಿದ್ದುಪಡಿ ಓಡುವುದಿಲ್ಲ.

ಹೀಗಾಗಿ, ಮಾತ್ರೆ ಆರಿಸುವಾಗ ಕೋವಿಡ್‌ಗಿಂತ ರೋಗಿಯ ಮಿಕ್ಕ ಆರೋಗ್ಯವೇ ಮುಖ್ಯ: ವಯಸ್ಸೆಷ್ಟು, ತೂಕವೆಷ್ಟು, ಮೂತ್ರಪಿಂಡ, ಯಕೃತ್ತು, ಜಠರ ಹೇಗಿವೆ, ನಿತ್ಯ ಯಾವ ಔಷಧಗಳಿವೆ.

ಬಹುತೇಕರಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಇದನ್ನೇ ಅಸಿಟಾಮಿನೊಫೆನ್ ಎನ್ನುತ್ತಾರೆ. ಟೈಲೆನಾಲ್, ಪ್ಯಾನಡಾಲ್, ಕ್ರೋಸಿನ್, ಕ್ಯಾಲ್ಪಾಲ್, ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೊ, ಇವೆಲ್ಲವೂ ಒಂದೇ ಔಷಧದ ಬೇರೆ ಬೇರೆ ಅಂಗಿಗಳು. ಆರೋಗ್ಯವಂತ ವಯಸ್ಕರು ಒಂದು ಹೊತ್ತಿಗೆ 500 ಮಿಲಿಗ್ರಾಮಿನಿಂದ 1 ಗ್ರಾಮ್‌ವರೆಗೆ, ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ ಸೇವಿಸಬಹುದು; 24 ಗಂಟೆಗಳಲ್ಲಿ ಒಟ್ಟು 4 ಗ್ರಾಮ್ ಮೀರಕೂಡದು. ಪೊಟ್ಟಣದ ಮೇಲೆ ಇನ್ನೂ ಕಡಿಮೆ ಮಿತಿ ನಮೂದಾಗಿದ್ದರೆ ಅದನ್ನೇ ಪಾಲಿಸಬೇಕು. ತೂಕ 50 ಕಿಲೋಗಿಂತ ಕಡಿಮೆ ಇರುವವರು, ಯಕೃತ್ತಿನ ಕಾಯಿಲೆಯವರು, ನಿತ್ಯ ಮದ್ಯಪಾನ ಮಾಡುವವರು, ಹಲವು ದಿನಗಳಿಂದ ಊಟ ಬಿಟ್ಟವರು ಇವರ ಮಿತಿ ಇದಕ್ಕಿಂತ ಕಡಿಮೆ. ವೈದ್ಯರು ಅದನ್ನು ದಿನಕ್ಕೆ 2ರಿಂದ 3 ಗ್ರಾಮಿಗೆ ಇಳಿಸುವುದುಂಟು.

ಎಡವುವುದು ಲೆಕ್ಕದಲ್ಲಿ. ಡೋಲೊ-650 ಎರಡನ್ನು ಒಟ್ಟಿಗೆ ನುಂಗಿದರೆ ಒಂದೇ ಹೊತ್ತಿಗೆ 1300 ಮಿಲಿಗ್ರಾಮ್ ಆಯಿತು. ಅಮೆರಿಕದಲ್ಲಿ ಎಂಟು ಗಂಟೆಗೊಮ್ಮೆ ಎರಡರಂತೆ ತೆಗೆದುಕೊಳ್ಳುವ 650ರ ಟೈಲೆನಾಲ್ ಮಾತ್ರೆಯೂ ಇದೆ. ಅದು ನಿಧಾನವಾಗಿ ಕರಗುವ ಬಗೆ, ಅದರ ಲೆಕ್ಕವನ್ನು ಡೋಲೊಗೆ ಅನ್ವಯಿಸಬಾರದು. ಇನ್ನು ನೆಗಡಿ-ಕೆಮ್ಮಿನ ಮಿಶ್ರಣಗಳು. ಡೇಕ್ವಿಲ್, ನೈಕ್ವಿಲ್, ಥೆರಾಫ್ಲೂ, ಲೆಮ್‌ಸಿಪ್, ಪ್ಯಾನಡಾಲ್ ಕೋಲ್ಡ್ ಅಂಡ್ ಫ್ಲೂ, ಊರಿನ ಸೈನರೆಸ್ಟ್ ಇವುಗಳ ಸಾಮಾನ್ಯ ರೂಪಗಳಲ್ಲೆಲ್ಲ ಪ್ಯಾರಾಸಿಟಮಾಲ್ ಇದೆ. ಹಗಲು ಡೇಕ್ವಿಲ್, ನಡುನಡುವೆ ಟೈಲೆನಾಲ್, ರಾತ್ರಿ ನೈಕ್ವಿಲ್, ‘ಯಾವುದಕ್ಕೂ ಇರಲಿ’ ಎಂದು ಒಂದು ಡೋಲೊ: ಹೀಗೆ ನಾಲ್ಕು ಹೆಸರುಗಳಲ್ಲಿ ಒಂದೇ ಔಷಧ ಹೊಟ್ಟೆ ಸೇರುತ್ತದೆ. ನೀರಿನಲ್ಲಿ ಬುಸುಗುಟ್ಟಿ ಕರಗುವ ಮಾತ್ರೆಗಳ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಬೇಕು: ಹಲವು ತಯಾರಿಕೆಗಳಲ್ಲಿ ಒಂದೊಂದರಲ್ಲೂ ಸುಮಾರು 400 ಮಿಲಿಗ್ರಾಮ್ ಸೋಡಿಯಮ್ ಇರುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಅವು ತಕ್ಕವಲ್ಲ.

ಮಿತಿ ಮೀರಿದಾಗ ಆಗುವುದೇನು? ಪ್ಯಾರಾಸಿಟಮಾಲ್‌ನ ಒಂದಂಶ ಯಕೃತ್ತಿನಲ್ಲಿ ವಿಷಕಾರಿ ವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಕೂಡಲೇ ನಿಷ್ಕ್ರಿಯಗೊಳಿಸುತ್ತದೆ. ರಕ್ಷಕದ ದಾಸ್ತಾನು ಮುಗಿದರೆ, ಉಪವಾಸವಿರುವವರಲ್ಲಿ ಅದು ಬೇಗ ಮುಗಿಯುತ್ತದೆ, ವಿಷವು ಯಕೃತ್ತಿನ ಕೋಶಗಳನ್ನೇ ಕೊಲ್ಲತೊಡಗುತ್ತದೆ. ಮೊದಲ ದಿನ ಸ್ವಲ್ಪ ಓಕರಿಕೆಯ ಹೊರತು ಬೇರೇನೂ ಕಾಣದಿರಬಹುದು. ಅದನ್ನು ಕೋವಿಡ್‌ನ ಲಕ್ಷಣವೆಂದೇ ಭಾವಿಸುತ್ತೇವೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಆದರೆ ಅತಿಸೇವನೆಯಾದ ಎಂಟು ಗಂಟೆಗಳ ಒಳಗೆ ಕೊಟ್ಟಾಗ ಅದರ ಫಲ ಅತ್ಯುತ್ತಮ. ಆದ್ದರಿಂದ ಮಿತಿ ಮೀರಿದೆಯೆಂಬ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯಬಾರದು.

ಐಬುಪ್ರೊಫೆನ್ ಬೇರೆಯೇ ವರ್ಗದ್ದು. ಆರೋಗ್ಯವಂತರಿಗೆ 200ರಿಂದ 400 ಮಿಲಿಗ್ರಾಮ್, ಆಹಾರದೊಂದಿಗೆ, ದಿನಕ್ಕೆ ಮೂರು ಬಾರಿ. ವೈದ್ಯರ ಚೀಟಿಯಿಲ್ಲದೆ ದಿನಕ್ಕೆ 1200 ಮಿಲಿಗ್ರಾಮ್ ಮೀರಬಾರದು. ಪ್ಯಾರಾಸಿಟಮಾಲ್‌ಗೆ ತಗ್ಗದ ಮೈಕೈ ನೋವಿಗೆ ಇದು ಒಳ್ಳೆಯ ಔಷಧವೇ. ಆದರೆ ಜಠರದ ಹುಣ್ಣು ಅಥವಾ ರಕ್ತಸ್ರಾವವಾಗಿದ್ದವರು, ಮೂತ್ರಪಿಂಡ ಕುಂದಿದವರು, ಹೃದಯ ವೈಫಲ್ಯವಿರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಆಸ್ಪಿರಿನ್‌ನಿಂದ ಉಬ್ಬಸ ಕೆರಳುವವರು ಇದನ್ನು ದೂರವಿಡಬೇಕು. ಗರ್ಭಿಣಿಯರು, ವಿಶೇಷವಾಗಿ 20 ವಾರಗಳ ನಂತರ, ಸೇವಿಸಲೇಬಾರದು. ಅವರಿಗೆ ಪ್ಯಾರಾಸಿಟಮಾಲ್ ಮೇಲು.

ಇವರೆಲ್ಲರಿಗಿಂತ ನನ್ನನ್ನು ಚಿಂತೆಗೀಡು ಮಾಡುವವರು ಮಕ್ಕಳನ್ನು ನೋಡಲು ಊರಿನಿಂದ ಬಂದ ತಂದೆತಾಯಿಯರು. ಎಪ್ಪತ್ತೆರಡು ವರ್ಷದ ತಂದೆಯೊಬ್ಬರನ್ನು ಊಹಿಸಿಕೊಳ್ಳಿ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ, ಹೃದಯಕ್ಕೆ ಇಕೋಸ್ಪ್ರಿನ್, ಜೊತೆಗೆ ಸಕ್ಕರೆ ಕಾಯಿಲೆ. ಕೋವಿಡ್ ಬಂದು ಎರಡು ದಿನಗಳಿಂದ ಜ್ವರ, ಬೇಧಿ, ನೀರು ಸೇರುತ್ತಿಲ್ಲ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಯ್ದುಕೊಡುವವು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು. ಐಬುಪ್ರೊಫೆನ್ ಅವುಗಳನ್ನೇ ತಡೆಯುತ್ತದೆ. ಟೆಲ್ಮಿಸಾರ್ಟಾನ್ ಮೂತ್ರಪಿಂಡದ ಇನ್ನೊಂದು ರಕ್ಷಣೋಪಾಯವನ್ನು ಸಡಿಲಿಸಿರುತ್ತದೆ. ಮೂತ್ರ ಹೆಚ್ಚಿಸುವ ಔಷಧ ನೀರನ್ನು ಮತ್ತಷ್ಟು ಹೊರಹಾಕಿರುತ್ತದೆ. ಮೂರೂ ಸೇರಿದಾಗ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಸ್ತಬ್ಧವಾಗಬಲ್ಲದು. ಇದಲ್ಲದೆ ಇಕೋಸ್ಪ್ರಿನ್, ಅಂದರೆ ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೆಲಸಕ್ಕೂ ಐಬುಪ್ರೊಫೆನ್ ಅಡ್ಡಿಯಾಗಬಲ್ಲದು. ಇಂಥವರಿಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನನ್ನು ತಾವಾಗಿ ನಿಲ್ಲಿಸಬಾರದು. ಬೇಧಿ, ವಾಂತಿ ಮುಂದುವರಿದರೆ ರಕ್ತದೊತ್ತಡದ ಮಾತ್ರೆಯನ್ನು ಒಂದೆರಡು ದಿನ ತಡೆಹಿಡಿಯಬೇಕೇ ಎಂದು ವೈದ್ಯರನ್ನು ಕೇಳಬೇಕು. ಸಾರು, ಮಜ್ಜಿಗೆ, ಗಂಜಿಯ ತಿಳಿ ಇವು ಮಾತ್ರೆಯಷ್ಟೇ ಮುಖ್ಯ. ಎಳನೀರನ್ನು ಮಾತ್ರ ಮೂತ್ರಪಿಂಡ ಕುಂದಿದವರಿಗೆ ಧಾರಾಳವಾಗಿ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು.

ಅದೇ ತಂದೆಯ ಔಷಧದ ಚೀಲದಲ್ಲಿ ಬೇರೆ ಮಾತ್ರೆಗಳೂ ಇರುತ್ತವೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇವೆ. ಜೀರೋಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. ನಿಮೆಸುಲೈಡ್ ಯಕೃತ್ತಿಗೆ ಹಾನಿ ಮಾಡಿದ ಪ್ರಕರಣಗಳಿಂದಾಗಿ ಐರ್ಲೆಂಡಿನಲ್ಲಿ 2007ರಲ್ಲಿ ಹಿಂತೆಗೆಯಲ್ಪಟ್ಟಿತು. ಅಮೆರಿಕ, ಬ್ರಿಟನ್‌ಗಳಲ್ಲಿ ಅದಕ್ಕೆ ಪರವಾನಗಿಯೇ ಇಲ್ಲ. ಅದನ್ನು ಚೀಲದಲ್ಲಿ ಕಂಡರೆ ತೆಗೆದಿಡಿ ಎಂಬುದೇ ನನ್ನ ಸಲಹೆ. ಟ್ರಮಡಾಲ್, ಕೋಡೀನ್ ಇರುವ ಮಾತ್ರೆಗಳು ಸಾಮಾನ್ಯ ಕೋವಿಡ್ ನೋವಿಗೆ ಬೇಕಿಲ್ಲ. ಯುಎಇಯಂಥ ದೇಶಗಳಿಗೆ ಅವನ್ನು ಪೂರ್ವಾನುಮತಿಯಿಲ್ಲದೆ ಒಯ್ಯುವುದು ಕಾನೂನಿನ ಸಂಕಷ್ಟವನ್ನೂ ತರುತ್ತದೆ. ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ನೋವಿನ ಮಾತ್ರೆಯಲ್ಲ. ಆಮ್ಲಜನಕದ ಅಗತ್ಯವಿದ್ದವರನ್ನು ಅದು ಉಳಿಸಿತು. ಅಗತ್ಯವಿಲ್ಲದವರಿಗೆ ಪ್ರಯೋಜನವಾಗಲಿಲ್ಲವೆಂದು 2020ರಲ್ಲೇ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು.

ಜರ್ಮನಿಯಲ್ಲಿರುವವರಿಗೆ ಒಂದು ಮಾತು. ಅಲ್ಲಿ ವೈದ್ಯರ ಚೀಟಿಯ ಮೇಲೆ ದೊರೆಯುವ ನೊವಾಲ್ಗಿನ್, ಅಂದರೆ ಮೆಟಮಿಜೋಲ್, ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ಅದರ ಮುನ್ಸೂಚನೆಗಳು ಜ್ವರ, ಗಂಟಲುನೋವು, ಬಾಯಿಹುಣ್ಣು. ಕೋವಿಡ್ ಇರುವಾಗ ಈ ಮುನ್ಸೂಚನೆಯನ್ನು ಗುರುತಿಸುವುದು ಹೇಗೆ? ಹಾಗಾಗಿ ಹಿಂದೆ ಉಳಿದ ಮಾತ್ರೆಗಳನ್ನು ಕೋವಿಡ್‌ಗೆ ಬಳಸದಿರುವುದು ಒಳಿತು.

ಅಪಾಯ ಹೆಚ್ಚಿರುವ ರೋಗಿಗಳಿಗೆ ಲಕ್ಷಣ ಕಾಣಿಸಿದ ಐದು ದಿನಗಳೊಳಗೆ ಪ್ಯಾಕ್ಸ್‌ಲೋವಿಡ್ ಕೊಡುವುದುಂಟು. ಅದರಲ್ಲಿರುವ ರಿಟೋನಾವಿರ್ ಇತರ ಅನೇಕ ಔಷಧಗಳು ದೇಹದಲ್ಲಿ ಕರಗದಂತೆ ತಡೆದು ಅವುಗಳ ಪ್ರಮಾಣವನ್ನು ಏರಿಸುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳೊಡನೆ ತೊಡಕಿಲ್ಲ. ಫೆಂಟನಿಲ್, ಆಕ್ಸಿಕೋಡೋನ್ ಬಳಸುವವರು, ಗೌಟ್ ನೋವಿಗೆ ಕಾಲ್ಚಿಸಿನ್ ನುಂಗುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ವಿಶೇಷವಾಗಿ ಮೂತ್ರಪಿಂಡ ದುರ್ಬಲವಾಗಿದ್ದರೆ ಕಾಲ್ಚಿಸಿನ್‌ನಿಂದ ಪ್ರಾಣಾಪಾಯವಾಗಬಲ್ಲದು.

ಊರಿನಿಂದ ಬಂದು ಎರಡು ವಾರದೊಳಗೆ ಜ್ವರ ಬಂದರೆ, ಕೋವಿಡ್ ಪರೀಕ್ಷೆ ಏನೇ ಹೇಳಲಿ, ಡೆಂಗಿಯನ್ನೂ ನೆನೆಯಬೇಕು. ಕಣ್ಣಿನ ಹಿಂಭಾಗದ ನೋವು, ಮೂಳೆ ಮುರಿದಂಥ ನೋವು ಎರಡು ಕಾಯಿಲೆಗಳಲ್ಲೂ ಬರಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದರಿಂದ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ರಕ್ತಪರೀಕ್ಷೆಯಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಹೃದಯಕ್ಕೆಂದು ಆಸ್ಪಿರಿನ್ ಸೇವಿಸುವವರು ಅಂದೇ ವೈದ್ಯರನ್ನು ಕೇಳಬೇಕು.

ನೋವುನಿವಾರಕದಿಂದ ಮುಚ್ಚಿಡಬಾರದ ನೋವುಗಳೂ ಇವೆ. ಎದೆನೋವು, ಏದುಸಿರು, ಒಂದೇ ಕಾಲಿನ ಮೀನಖಂಡದ ಬಾವು ಮತ್ತು ನೋವು, ಕುತ್ತಿಗೆ ಬಿಗಿತದೊಂದಿಗೆ ತಲೆನೋವು, ಮಂಕುತನ, ಆಕ್ಸಿಮೀಟರ್‌ನಲ್ಲಿ 92 ಅಥವಾ ಅದಕ್ಕಿಂತ ಕಡಿಮೆ ಅಂಕಿ ಕಂಡರೆ ತುರ್ತು ಚಿಕಿತ್ಸೆ ಪಡೆಯಿರಿ. ಮಾತ್ರೆ ಮಿತಿ ಮೀರಿದೆ ಎನಿಸಿದರೆ ಅಮೆರಿಕದಲ್ಲಿ 1-800-222-1222, ಆಸ್ಟ್ರೇಲಿಯದಲ್ಲಿ 13 11 26 ವಿಷಮಾಹಿತಿ ಕೇಂದ್ರಗಳ ಸಂಖ್ಯೆಗಳು. ಬ್ರಿಟನ್ನಿನಲ್ಲಿ 111ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಎಲ್ಲ ಪೊಟ್ಟಣಗಳನ್ನೂ ಎದುರಿಗಿಟ್ಟುಕೊಂಡು, ರೋಗಿಯ ತೂಕ, ನುಂಗಿದ ಮಾತ್ರೆಗಳ ಸಂಖ್ಯೆ, ಪ್ರತಿಯೊಂದರ ಮಿಲಿಗ್ರಾಮ್, ನುಂಗಿದ ವೇಳೆ ಇವನ್ನು ಹೇಳಬೇಕು. ಭಾರತದ ಬ್ರ್ಯಾಂಡ್ ಹೆಸರು ಅವರಿಗೆ ತಿಳಿದಿರಲಾರದು. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಔಷಧದ ಮೂಲ ಹೆಸರನ್ನು ಓದಿ ಹೇಳಿ.