ವಿದ್ಯಾಶಂಕರ ದೇವಾಲಯವೂ ರೇಖಾಚಿತ್ರದ ಶಿಕ್ಷಣವೂ

ಒಳಾಂಗಣ ವಾಸ್ತುವಿನ ವಿದ್ಯಾರ್ಥಿಯು ಕಲಿಯಬೇಕಾದ ಚಿತ್ರಗಳು ಎರಡು ಬಗೆ: ಅಳತೆಗೆ ತಪ್ಪದ ನೆಲನಕ್ಷೆ, ಛೇದನಕ್ಷೆಗಳು ಒಂದು, ದೂರದ ವಸ್ತು ಕಿರಿದಾಗಿ ಕಾಣುವ ಪರ್ಸ್ಪೆಕ್ಟಿವ್ ಚಿತ್ರ ಇನ್ನೊಂದು. ಎರಡನೆಯದರ ನಿಯಮಗಳನ್ನು ಇಟಲಿಯ ಆಲ್ಬೆರ್ಟಿಯು ಗ್ರಂಥಸ್ಥಗೊಳಿಸಿದ್ದು 1435ರಲ್ಲಿ. ಶೃಂಗೇರಿಯ ವಿದ್ಯಾಶಂಕರ ದೇವಾಲಯವಾದರೋ 14ನೆಯ ಶತಮಾನದ್ದು. ನಮ್ಮ ಶಿಲ್ಪಶಾಸ್ತ್ರದ ಪದ್ಧತಿಯೇ ಬೇರೆ: ಶಂಕುವಿನ ನೆರಳಿನಿಂದ ದಿಕ್ಕನ್ನು ನಿರ್ಣಯಿಸಿ, ಸೂತ್ರ ಹಿಡಿದು ನೆಲದ ಮೇಲೆ ರೇಖೆಯೆಳೆಯಬೇಕೆಂದು ಮಯಮತವೇ ಮೊದಲಾದ ಗ್ರಂಥಗಳು ವಿಧಿಸುತ್ತವೆ.

ಈ ಗುಡಿಯ ಪೂರ್ವ, ಪಶ್ಚಿಮದ ಕೊನೆಗಳೆರಡೂ ಬಾಗಿವೆ. ಎದುರು ನಿಂತು ಬರೆದ ಚಿತ್ರದಲ್ಲಿ ಅಸ್ಪಷ್ಟವಾದ ಈ ಬಾಗು ನೆಲನಕ್ಷೆಯಲ್ಲಿ ಒಂದೇ ನೋಟಕ್ಕೆ ವ್ಯಕ್ತವಾಗುತ್ತದೆ. ಒಳಮಂಟಪದಲ್ಲಿ ರಾಶಿಗೊಂದರಂತೆ 12 ಕಂಬಗಳಿವೆ. ಆಯಾ ಮಾಸದಲ್ಲಿ ಆಯಾ ರಾಶಿಯ ಕಂಬಕ್ಕೆ ಬಿಸಿಲು ತಗಲುವುದೆಂಬ ಪ್ರತೀತಿಯುಂಟು. ಇದನ್ನು ಪರೀಕ್ಷಿಸಬೇಕಾದರೆ ಬಾಗಿಲು ಕಂಬಗಳ ಅಂತರವನ್ನು ನೆಲನಕ್ಷೆಯಿಂದಲೂ ಎತ್ತರವನ್ನು ಛೇದನಕ್ಷೆಯಿಂದಲೂ ತಿಳಿದು, ಸೂರ್ಯಕಿರಣದ ಕೋನವನ್ನು ಅವುಗಳ ಮೇಲೆ ಎಳೆದು ನೋಡಬೇಕು. ಪರ್ಸ್ಪೆಕ್ಟಿವ್ ಚಿತ್ರವು ಬೆಳಕಿನ ಸೊಬಗನ್ನು ತೋರೀತು. ಪ್ರತೀತಿಯ ಸತ್ಯಾಸತ್ಯವನ್ನು ಹೇಳಲಾರದು.

ನಡುವೆ ಅಂಗಳ ಬಿಟ್ಟು ಸುತ್ತಲೂ ಮಾಡು ಇಳಿಸಿದ ಕೊಪ್ಪ, ನರಸಿಂಹರಾಜಪುರ ಸೀಮೆಯ ತೊಟ್ಟಿಮನೆಗಳಿಗೂ ಈ ಮಾತು ಸಲ್ಲುತ್ತದೆ. ಹಳೆಯ ಮನೆಯೊಂದು ಬಿದ್ದ ಮೇಲೆ ಅದರ ಛಾಯಾಚಿತ್ರವು ನೆನಪನ್ನು ಮಾತ್ರ ಕೊಡುತ್ತದೆ. ಅಳತೆಯ ನಕ್ಷೆಯು ಮನೆಯನ್ನು ಮರಳಿ ಕಟ್ಟುವ ವಿದ್ಯೆಯನ್ನೇ ಉಳಿಸುತ್ತದೆ.