ಮನುಷ್ಯನ ಹಲ್ಲುಗಳು

ಹಲ್ಲುಗಳು ಮೇಲಿನ ಮತ್ತು ಕೆಳಗಿನ ದವಡೆಗಳಲ್ಲಿ ನೆಲೆಗೊಂಡು, ಆಹಾರವನ್ನು ಕತ್ತರಿಸಲು ಹಾಗೂ ಅಗಿಯಲು ನೆರವಾಗುವ ಗಟ್ಟಿಯಾದ ಅಂಗಗಳು. ಉಚ್ಚಾರಣೆಯಲ್ಲೂ ಇವುಗಳ ಪಾತ್ರವಿದೆ. ಕನ್ನಡ ವ್ಯಾಕರಣವು ತ, ಥ, ದ, ಧ, ನ ವ್ಯಂಜನಗಳನ್ನು ದಂತ್ಯಗಳೆಂದು ಕರೆಯುವುದು ಇದೇ ಕಾರಣಕ್ಕೆ.

ರಚನೆ

ವಸಡಿನಿಂದ ಹೊರಗೆ ಕಾಣುವ ಭಾಗ ಕಿರೀಟ. ಮೂಳೆಯ ಕುಳಿಯಲ್ಲಿ ಹುದುಗಿರುವುದು ಬೇರು. ಕಿರೀಟವನ್ನು ಆವರಿಸಿರುವ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು 96% ಭಾಗ ಖನಿಜ. ಆದರೆ ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ನಶಿಸುವುದರಿಂದ, ಮುರಿದ ಮೂಳೆ ಕೂಡಿಕೊಳ್ಳುವಂತೆ ಕಳೆದುಹೋದ ಎನಾಮೆಲ್ ಮತ್ತೆ ಬೆಳೆಯದು. ಅದರ ಒಳಗೆ ಡೆಂಟಿನ್, ಇನ್ನೂ ಒಳಗೆ ನರಗಳೂ ರಕ್ತನಾಳಗಳೂ ಇರುವ ದಂತಮಜ್ಜೆ ಇವೆ. ಎನಾಮೆಲ್‌ನಲ್ಲಿ ನರಗಳಿಲ್ಲ, ಹುಳುಕು ಅದನ್ನು ದಾಟಿ ಒಳಹೊಕ್ಕ ಮೇಲೆಯೇ ನೋವು ತಿಳಿಯುತ್ತದೆ. ಬೇರಿಗೆ ಸಿಮೆಂಟಮ್ ಎಂಬ ತೆಳುವಾದ ಹೊದಿಕೆಯಿದೆ.

ವಿಧಗಳು

ವಯಸ್ಕರ ಒಟ್ಟು 32 ಹಲ್ಲುಗಳಲ್ಲಿ ಬಾಚಿಹಲ್ಲುಗಳು 8, ಕೋರೆಹಲ್ಲುಗಳು 4, ಮುಂದವಡೆ ಹಲ್ಲುಗಳು 8, ದವಡೆಹಲ್ಲುಗಳು 12. ಕೊನೆಯ ನಾಲ್ಕು ದವಡೆಹಲ್ಲುಗಳಿಗೆ ಬುದ್ಧಿಹಲ್ಲು ಎಂಬ ಹೆಸರಿದೆ; ಕೆಲವರಲ್ಲಿ ಇವು ಮೂಡುವುದೇ ಇಲ್ಲ. ಮಕ್ಕಳ ಹಾಲುಹಲ್ಲುಗಳು 20. ಅವುಗಳಲ್ಲಿ ಮುಂದವಡೆ ಹಲ್ಲುಗಳಿಲ್ಲ.

ಮೊದಲ ಶಾಶ್ವತ ದವಡೆಹಲ್ಲು

ಸುಮಾರು 6ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಆದ್ದರಿಂದ ಅದನ್ನೂ ಹಾಲುಹಲ್ಲೆಂದೇ ಭಾವಿಸಿ, ಹೇಗೂ ಬಿದ್ದುಹೋಗುವುದೆಂದು ಹುಳುಕನ್ನು ಕಡೆಗಣಿಸುವುದುಂಟು. ವಾಸ್ತವದಲ್ಲಿ ಅದನ್ನು ಕಳೆದುಕೊಂಡರೆ ಬದಲಿ ಹಲ್ಲು ಹುಟ್ಟುವುದಿಲ್ಲ. ಅದರ ಮೇಲ್ಮೈಯ ಆಳವಾದ ಸೀಳುಗಳಲ್ಲಿ ಆಹಾರ ಸುಲಭವಾಗಿ ಸಿಕ್ಕಿಕೊಳ್ಳುವುದರಿಂದ, ಹುಳುಕು ಹಿಡಿಯುವ ಮೊದಲೇ ದಂತವೈದ್ಯರು ಅವುಗಳನ್ನು ಸೀಲೆಂಟ್ ಎಂಬ ಲೇಪದಿಂದ ಮುಚ್ಚುವ ಕ್ರಮವಿದೆ.